ಮರಿಯ ತಾಯಿಯನ್ನು ಎಲ್ಲಿ ಬಿಟ್ಟಿರಿ?

ಎರಡು ವರ್ಷದ ಹಿಂದಿನ ಮಾತು. ಬೇಸಿಗೆ, ಹಲಸು ಹಣ್ಣಾಗುವ ಸಮಯ. ತೀರ್ಥಹಳ್ಳಿಯಲ್ಲಿ ನಾವು ಆರು ಜನ ಸೇರಿ ಪ್ರಾಣಿಗಳ ಪರವಾಗಿ ಒಂದು ಸಣ್ಣ ಗುಂಪು ಕಟ್ಟಿಕೊಂಡಿದ್ದೇವೆ. ನನ್ನದು ಟೈಲರಿಂಗ್. ಯಾರದೋ ಮದುವೆಯ ರವಿಕೆ ಅರ್ಧವಾಗಿರುವಾಗಲೇ ನನಗೆ ಫೋನ್ ಬರುವುದು. ಅವತ್ತು ಹತ್ತಿರದ ಮೇಳಿಗೆ ಊರಿನ ಕಡೆಯ ಗೌಡರೊಬ್ಬರು ಫೋನ್ ಮಾಡಿ, "ಒಂದು ಮಂಗನ ಮರಿ ಬಂದು ಕೂತಿದೆ. ತಾಯಿ ಇಲ್ಲ. ನಿಮ್ದೇ ಕೆಲಸ ಅಲ್ವಾ, ಬಂದು ತಗಂಡು ಹೋಗಿ" ಎಂದರು.

ನಮ್ಮ ಗುಂಪಿನ ಸುಮಿತ್ರಕ್ಕ ನಿವೃತ್ತ ಟೀಚರ್. ಅವರ ಹಳೆಯ ವ್ಯಾನಿನಲ್ಲಿ ಹೋದೆವು. ಅಂಗಳದ ರಟ್ಟಿನ ಡಬ್ಬಿಯಲ್ಲಿ ಅಂಗೈಯಗಲದ ಮರಿ, ಗೋಣಿಚೀಲವನ್ನು ತಬ್ಬಿಕೊಂಡು ಕಿರುಚುತ್ತಿತ್ತು. ಪಕ್ಕದಲ್ಲೇ ಆಳೆತ್ತರದ ಕಬ್ಬಿಣದ ಬೋನು.

"ಇದೆಂಥದು ಗೌಡ್ರೆ?"

"ಅದಾ? ಕೋಳಿ ಬೋನು."

"ನಿಮ್ಮ ಕೋಳಿ ಬಾಳೆಹಣ್ಣು ಸುಲಿದು ತಿಂತದಾ?" ಎಂದು ಒಳಗಿದ್ದ ಸಿಪ್ಪೆ ತೋರಿಸಿದೆ. ಗೌಡರು ಆಕಾಶ ನೋಡಿದರು.

ನಮ್ಮ ಕಡೆ ಇದೊಂದು ದೊಡ್ಡ ರೋಗ. ತೀರ್ಥಹಳ್ಳಿಯವರು ಮಂಗ ಹಿಡಿದು ಹೊಸನಗರದ ಕಾಡಿಗೆ ಬಿಡುತ್ತಾರೆ, ಹೊಸನಗರದವರು ಸಾಗರದ ಕಡೆಗೆ, ಸಾಗರದವರು ಇನ್ನೆಲ್ಲಿಗೋ. ಕೇಳಿದರೆ ಯಾರೂ ಬಿಟ್ಟವರಲ್ಲ, ಎಲ್ಲರ ಊರಿಗೂ ಬೇರೆಯವರೇ ತಂದು ಬಿಟ್ಟದ್ದು. ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವುದನ್ನು ಮಂಗನಿಗೆ ಇವರೇ ಕಲಿಸಿರಬೇಕು.

ಮರಿ ಹಾಲು ಮುಟ್ಟಲಿಲ್ಲ. ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದರೆ, "ಇವತ್ತೇ ತಾಯಿ ಹತ್ರ ಸೇರಿಸಿ, ನಾಳೆವರೆಗೆ ತಡೆಯೋದು ಕಷ್ಟ" ಎಂದರು. ತಾಯಿಯನ್ನು ಎಲ್ಲಿ ಬಿಟ್ಟಿರಿ ಎಂದು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ "ನಾವೆಂಥ ಮಾಡ್ಲಿಲ್ಲ ಮಾರಾಯ್ತಿ" ಎಂಬ ಒಂದೇ ಉತ್ತರ. ನನಗೆ ತಲೆ ಕೆಟ್ಟಿತು.

"ಆಯ್ತು ಬಿಡಿ. ಇದು ಇಲ್ಲೇ ಸಾಯ್ಲಿ. ನಾವು ಹೊರಟ್ವಿ."

ಗೌಡರ ಮುಖ ಬಿಳುಚಿತು. ಮಂಗ ಅಂಗಳದಲ್ಲಿ ಸತ್ತರೆ ಹನುಮಂತ ದೇವರೇ ಸತ್ತ ಹಾಗೆ. ಹೂ ಹಾಕಿ ಹೊತ್ತುಕೊಂಡು ಹೋಗಿ ಮಣ್ಣು ಮಾಡಬೇಕು, ತಿಥಿ ಊಟ ಹಾಕಬೇಕು. ಬೋನಿಗೆ ತುಂಬಿ ಗಡೀಪಾರು ಮಾಡುವಾಗ ಮಾತ್ರ ಈ ದೇವರು ಯಾರಿಗೂ ನೆನಪಾಗುವುದಿಲ್ಲ. "ನಿಟ್ಟೂರು. ನಿನ್ನೆ ಸಂಜೆ ಬಿಡ್ಸಿದ್ದು. ಮರಿ ಒಂದು ಹೊರಗೆ ಉಳ್ದಿದ್ದು ಗೊತ್ತಾಗ್ಲಿಲ್ಲ" ಎಂದು ಗೌಡರು ಗೊಣಗಿದರು.

ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಹೊಸನಗರದ ಕಡೆಯ ನಿಟ್ಟೂರಿಗೆ ಹೋದೆವು. ಅಲ್ಲಿ ಹೊಸ ಮಂಗಗಳ ಗುಂಪು ಬಂದಿದೆಯಾ ಎಂದು ವಿಚಾರಿಸಿದ್ದೇ ತಪ್ಪಾಯಿತು. ಡಬ್ಬಿಯೊಳಗೆ ಇಣುಕಿದ ಒಬ್ಬರು, "ಓಹೋ, ತಂದು ಬಿಡೋರು ನೀವೇನಾ? ಇವತ್ತು ಸಿಕ್ಕಿಬಿದ್ರಿ!" ಎಂದು ವ್ಯಾನಿನ ಕೀ ಕಿತ್ತುಕೊಂಡರು. ಪ್ರಾಣಿಗಳ ಪರ ಇರುವವರು ಎಂದರೆ ಇನ್ನೂ ಸಿಟ್ಟು. "ಹಾಗಿದ್ರೆ ನಿಮ್ಮನೇಲೇ ಸಾಕಿ!" ಅರ್ಧ ಗಂಟೆ ಬೈಸಿಕೊಂಡೆವು. ಕೊನೆಗೆ ಅವರಲ್ಲೊಬ್ಬರಿಗೆ ಸುಮಿತ್ರಕ್ಕ ಪಾಠ ಹೇಳಿದ್ದು ನೆನಪಾಗಿ ಕೀ ವಾಪಸ್ ಸಿಕ್ಕಿತು. ಆ ಊರಿಗೆ ಹೊಸ ಮಂಗಗಳು ಬಂದೇ ಇರಲಿಲ್ಲ.

ಮರಿಯ ಕಿರುಚಾಟ ಅಷ್ಟರಲ್ಲಿ ನಿಂತಿತ್ತು. ಅದು ಸುಮ್ಮನಾದದ್ದೇ ನನಗೆ ಹೆದರಿಕೆ. ಗೌಡರಿಗೆ ಫೋನ್ ಹಚ್ಚಿ ಬಾಯಿಗೆ ಬಂದ ಹಾಗೆ ಬೈದೆ. ಆಗ, "ಹುಲಿಕಲ್ ಕಣಮ್ಮ, ಘಟ್ಟದ ಮೇಲೆ. ಘಟ್ಟ ಇಳಿಸಿ ಬಿಡು ಅಂದ್ರೆ ಆ ಗಾಡಿ ಡ್ರೈವರ್ ಸೋಮಾರಿ ಅಲ್ಲೇ ಇಳಿಸಿ ಬಂದಿದಾನೆ. ಅಲ್ಲಿ ನಮ್ಮ ಬೀಗರಿದ್ದಾರೆ. ಗೊತ್ತಾದ್ರೆ ಮಗಳನ್ನ ಸುಮ್ನೆ ಬಿಡ್ತಾರಾ? ಯಾರಿಗೂ ಹೇಳ್ಬೇಡಿ" ಎಂದರು. ಬೀಗರ ಮರ್ಯಾದೆಗೆ ನಮ್ಮ ಎರಡು ಗಂಟೆ ಹಾಳು.

ಹುಲಿಕಲ್ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಚಹಾ ಅಂಗಡಿಯೊಂದರ ಹಿಂದಿನ ಮರಗಳಲ್ಲಿ ಮಂಗಗಳು ದಿಕ್ಕು ತಪ್ಪಿದವರಂತೆ ಕೂತಿದ್ದವು. ಡಬ್ಬಿಯನ್ನು ಮರದ ಬುಡದಲ್ಲಿಟ್ಟು ದೂರ ನಿಂತೆವು. ಮರಿ ಒಂದೇ ಒಂದು ಸಲ ಕೂಗಿತು. ಮೇಲಿಂದ ಒಂದು ಹೆಣ್ಣು ಮಂಗ ಧಡಕ್ಕನೆ ಇಳಿದು ಬಂದು ಅದನ್ನು ಎದೆಗೆ ಒತ್ತಿಕೊಂಡಿತು. ಮರಿಯ ತಲೆ, ಬೆನ್ನು, ಕೈಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿತು. ಸುಮಿತ್ರಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. ನಾನಂತೂ ಅತ್ತೇಬಿಟ್ಟೆ.

ಚಹಾ ಅಂಗಡಿಯವರು ಎಲ್ಲ ನೋಡಿ, ಎರಡು ಲೋಟ ಚಹಾ ತಂದುಕೊಟ್ಟು ದುಡ್ಡು ಬೇಡವೆಂದರು. ಒಳ್ಳೆಯ ಮನುಷ್ಯ. ಆಮೇಲೆ ಮೆಲ್ಲಗೆ, "ನಿನ್ನೆಯಿಂದ ಇವುಗಳ ಕಾಟ ತಡಿಯಕ್ಕಾಗ್ತಿಲ್ಲ ಅಕ್ಕ. ನಾವೂ ನಾಡಿದ್ದು ಬೋನು ತರಿಸ್ತಿದೀವಿ. ನೀವು ತೀರ್ಥಹಳ್ಳಿಯವರಲ್ವಾ, ಮೇಳಿಗೆ ಕಡೆ ಬಿಡೋಕೆ ಜಾಗ ಇದ್ಯಾ?" ಎಂದರು.

ಬೆಳಗಿನಿಂದ ಬೈದು ಬೈದು ನನ್ನ ಗಂಟಲು ಒಣಗಿತ್ತು. ಹಿಡಿಯುವುದೇ ತಪ್ಪು ಎಂದು ಊರೂರಲ್ಲಿ ಹೇಳಿಕೊಂಡು ತಿರುಗುವವಳು ನಾನು. ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು, "ಗಾಡಿ ಹೊರಡೋ ಮುಂಚೆ ಮರಿ ಯಾವುದಾದ್ರೂ ಹೊರಗೆ ಉಳಿದಿದೆಯಾ ಅಂತ ನೋಡ್ಕೊಳ್ಳಿ" ಎಂಬ ಮಾತು.

ಅವರು ತಲೆಯಾಡಿಸಿದರು. ಒಂದು ಮರಿಯನ್ನು ಉಳಿಸಿದೆ ಎಂದು ಜನ ಹೊಗಳಿದಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತದೆ, ಇವತ್ತಿಗೂ ನಾಚಿಕೆಯಾಗುತ್ತದೆ.