ಒಂದೇ ಉಸಿರಿನಲ್ಲಿ ನಲವತ್ತೆರಡು

ಅವತ್ತು ಇವರು ಟ್ಯಾಂಕಿನಿಂದ ಒಂದೇ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು.

ಟ್ಯಾಂಕ್ ಅಂದರೆ ಈಜುಕೊಳ. ಪುಣೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ನನ್ನ ಗಂಡ ಬೆಳಿಗ್ಗೆ ಐದೂವರೆಗೆ ಅಲ್ಲಿಗೆ ಹೋಗಿ, ಹುಡುಗರಿಗೆ ಈಜು ಕಲಿಸಿ, ಎಂಟಕ್ಕೆ ಮನೆಗೆ ಬಂದು, ತಿಂಡಿ ತಿಂದು ಖಡಕಿಯ ಕಾರ್ಖಾನೆಗೆ ಹೊರಡುವವರು. ಅವತ್ತು ಬಾಗಿಲಲ್ಲಿ ನಿಂತಾಗ ಎಡಗಾಲು ಬರಿಗಾಲು. ಕೋಥರೂಡದ ನಮ್ಮ ಸೊಸೈಟಿಯ ಮೂರು ಮಹಡಿ ಹತ್ತಿ ಬಂದಿದ್ದಾರೆ, ಗೊತ್ತೇ ಆಗಿಲ್ಲ.

"ಚಪ್ಪಲಿ ಎಲ್ಲಿ ಬಿಟ್ರಿ?" ಅಂದೆ.

ಕೆಳಗೆ ನೋಡಿಕೊಂಡರು. "ಹೌದಲ್ಲ, ಎಲ್ಲಿ ಹೋತು?"

ನಾನು ನಕ್ಕೆ. ಒಲಿಂಪಿಕ್ಕಿಗೆ ಹೋಗಿಬಂದವರಿಗೆ ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಅನ್ನುವುದೂ ತಿಳಿಯುವುದಿಲ್ಲ ಎಂದು ಮಗಳು ಸುಧಾಳ ಮುಂದೆ ಆಡಿಕೊಂಡೆ. ಆ ನಗು ನೆನಪಾದರೆ ಈಗಲೂ ಸಂಕಟವಾಗುತ್ತದೆ. ದಿಲ್ಲಿಯಲ್ಲಿ ಏಷ್ಯಾಡ್ ನಡೆದ ಮರುವರ್ಷ, ಮಳೆಗಾಲ ಆಗಷ್ಟೇ ಮುಗಿದಿತ್ತು. ಹತ್ತು ದಿನದ ಹಿಂದೆ ಇವರಿಗೆ ಜ್ವರ, ಭೇದಿ ಆಗಿ ತಾನಾಗಿಯೇ ನಿಂತಿತ್ತು. ಅದಕ್ಕೂ ಈ ಚಪ್ಪಲಿಗೂ ಸಂಬಂಧವಿರಬಹುದೆಂದು ಯಾರಿಗೆ ಹೊಳೆದೀತು?

ಮರುದಿನ ಅಂಗಾಲು ಜುಮುಜುಮು ಎಂದರು. ಅದರ ಮರುದಿನ ಮೆಟ್ಟಿಲು ಹತ್ತುವಾಗ ಕಟಾಂಜನ ಹಿಡಿದರು. ಓಣಿಯ ಡಾಕ್ಟರು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟು, ವಿಶ್ರಾಂತಿ ತಗೊಳ್ಳಿ ಅಂದರು. ನಾಲ್ಕನೆಯ ದಿನ ಶರ್ಟಿನ ಗುಂಡಿ ಹಾಕಿಕೊಳ್ಳಲು ಬೆರಳು ಕೇಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಒಂದೇ ಗುಂಡಿಯನ್ನು ಮತ್ತೆ ಮತ್ತೆ ತಡವುತ್ತಿದ್ದರು. ನಾನು ಹಾಕಲು ಹೋದರೆ ಕೈ ಸರಿಸಿದರು.

ಇವರ ಕೈಯ ಬಗ್ಗೆ ಹೇಳಬೇಕು. ಘಟಪ್ರಭೆಯ ದಂಡೆಯ ಹಳ್ಳಿಯಲ್ಲಿ, ಬಾವಿಗೆ ಬಿದ್ದ ಕೊಡ ತೆಗೆದುಕೊಡುತ್ತ ಈಜು ಕಲಿತ ಕೈ ಅದು. ಹತ್ತೊಂಬತ್ತಕ್ಕೆ ಆಟಗಾರರ ಕೋಟಾದಲ್ಲಿ ನೌಕರಿ ಸಿಕ್ಕು ಪುಣೆಗೆ ಬಂದರು. ಬಟರ್‌ಫ್ಲೈ ಈಜಿನಲ್ಲಿ ಏಳು ಸಲ ರಾಷ್ಟ್ರೀಯ ದಾಖಲೆ ಮುರಿದರು. ಮೊದಲನೆಯದು ಬೇರೆಯವರದು, ಉಳಿದ ಆರೂ ತಮ್ಮವೇ. ಒಂದು ಒಲಿಂಪಿಕ್ಕಿಗೂ ಹೋದರು. ಅಲ್ಲಿ ಹೀಟ್ಸ್ ಎಂಬ ಮೊದಲ ಸುತ್ತಿನಲ್ಲಿ ಎಂಟು ಜನರಲ್ಲಿ ಎಂಟನೆಯವರಾಗಿ ಬಂದರು, ಮತ್ತು ಆ ಎಂಟನೆಯ ಸ್ಥಾನದ ಟೈಮೇ ನಮ್ಮ ದೇಶದ ಹೊಸ ದಾಖಲೆ. ಮದುವೆಯ ಹೊಸದರಲ್ಲಿ ಇದನ್ನು ಕೇಳಿ ನನಗೆ ನಗಬೇಕೋ ಹೆಮ್ಮೆಪಡಬೇಕೋ ತಿಳಿದಿರಲಿಲ್ಲ. ಈಗ ತಿಳಿದಿದೆ.

ಇನ್ನೊಂದು ಮಾತು. ಬಟರ್‌ಫ್ಲೈಯಲ್ಲಿ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೇ ಮುಟ್ಟಬೇಕು. ಒಮ್ಮೆ ಹೊಸ ದಾಖಲೆ ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಇವರೇ ನೀರಿನಿಂದ ಎದ್ದು ಹೋಗಿ, ನನ್ನ ಬಲಗೈ ಮೊದಲು ತಾಗಿತು ಎಂದು ಅಧಿಕಾರಿಗೆ ಹೇಳಿಬಂದರಂತೆ. ಯಾರೂ ನೋಡಿರಲಿಲ್ಲ. ದಾಖಲೆ ಹೋಯಿತು. ಇಂಥ ಮನುಷ್ಯನ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಪೇಟೆಯಲ್ಲಿ ನಾನು ಒಂದು ಮೆಣಸಿನಕಾಯಿ ಕೊಸರು ಕೇಳಿದರೂ ಮುಖ ಸಿಂಡರಿಸುತ್ತಾರೆ.

ಐದನೆಯ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಬೆನ್ನುಮೂಳೆಯಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ನರಗಳ ದೊಡ್ಡ ಡಾಕ್ಟರು ಒಬ್ಬ ಹೆಂಗಸು. ನಡುವಯಸ್ಸು, ಕಡಿಮೆ ಮಾತು. ಅವರನ್ನು ಎಲ್ಲರೂ ಮ್ಯಾಡಮ್ ಅನ್ನುತ್ತಿದ್ದರು.

"ಗಿಯಾನ್ ಬಾರೆ ಸಿಂಡ್ರೋಮ್," ಅಂದರು. ನಂತರ ನಿಧಾನವಾಗಿ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಕೆಲವೊಮ್ಮೆ ಜ್ವರ, ಭೇದಿ ಆಗಿಹೋದ ಬೆನ್ನಿಗೆ, ಮೈಯೇ ತನ್ನ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಕಾಲಿನಿಂದ ಶುರುವಾಗಿ ಮೇಲೆ ಏರುತ್ತದೆ. ಒಂದು ಕಡೆ ತಾನೇ ನಿಂತು, ಮೆಲ್ಲಗೆ ಇಳಿಯುತ್ತದೆ. ಹೆಚ್ಚಿನವರು ಗುಣವಾಗುತ್ತಾರೆ.

"ಎದೆಗೆ ಬಂದರೆ?" ಅಂದೆ.

"ಉಸಿರು ನಿಲ್ಲಬಹುದು. ಅದಕ್ಕೆ ಮೊದಲೇ ನಾವು ಮಷೀನಿಗೆ ಹಾಕಬೇಕು. ತಡವಾಗಬಾರದು, ಅಷ್ಟೇ."

ತಡವಾಗಬಾರದು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಉಸಿರು ನೋಡಲು ಅವರಲ್ಲಿ ಒಂದು ಸರಳ ಪರೀಕ್ಷೆ ಇತ್ತು. ದೀರ್ಘವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಎಣಿಸಬೇಕು. ಎಲ್ಲಿಗೆ ನಿಲ್ಲುತ್ತದೋ ಆ ಅಂಕಿಯನ್ನು ಮಂಚದ ಕಾಲಿಗೆ ತೂಗುಹಾಕಿದ ಚಾರ್ಟಿನಲ್ಲಿ ಬರೆಯುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಇಪ್ಪತ್ತಕ್ಕಿಂತ ಕೆಳಗೆ ಬಂದರೆ ಅಪಾಯ ಎಂದು ವಾರ್ಡಿನ ಕಿರಿಯ ಡಾಕ್ಟರು ತಿಳಿಸಿದರು. ಒಳ್ಳೆಯ ಹುಡುಗ, ಇವರನ್ನು ಸರ್ ಎಂದೇ ಕರೆಯುತ್ತಿದ್ದ.

ಮೊದಲ ಸಂಜೆ ಇವರು ಅರವತ್ತೆಂಟು ಎಣಿಸಿದರು. ಮರುದಿನ ಬೆಳಿಗ್ಗೆ ನಲವತ್ತೆರಡು.

"ಶಾಬ್ಬಾಸ್ ಸರ್! ನನಗೇ ಇಷ್ಟು ಬರುವುದಿಲ್ಲ," ಎಂದು ಡಾಕ್ಟರು ಬರೆದುಕೊಂಡು ಪಕ್ಕದ ಮಂಚಕ್ಕೆ ಹೋದರು. ಇವರು ಪದಕ ಗೆದ್ದವರಂತೆ ನಕ್ಕರು.

ನನಗೆ ನಗು ಬರಲಿಲ್ಲ.

ನಮ್ಮ ಮನೆಯಲ್ಲಿ ಭಾನುವಾರದ ಒಂದು ಆಟವಿದೆ. ಊಟವಾದ ಮೇಲೆ ಅಪ್ಪ ಮಗಳು ಚಾಪೆಯ ಮೇಲೆ ಮಲಗಿ ಒಂದೇ ಉಸಿರಿಗೆ ಯಾರು ಹೆಚ್ಚು ಎಣಿಸುತ್ತಾರೆ ಎಂದು ಪಂದ್ಯ ಕಟ್ಟುತ್ತಾರೆ. ಸುಧಾ ಮೂವತ್ತಕ್ಕೆ ಸೋತು ಉರುಳಾಡಿ ನಗುತ್ತಾಳೆ. ಇವರು ನೂರು ದಾಟಿ, ನೂರಾಹತ್ತು ದಾಟಿ, ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತ ಇನ್ನೂ ಎಣಿಸುತ್ತಲೇ ಇರುತ್ತಾರೆ. ಪಾತ್ರೆ ತೊಳೆಯುತ್ತ ವರ್ಷಗಟ್ಟಲೆ ಅದನ್ನು ಕೇಳಿದವಳು ನಾನು. ಪುಸ್ತಕದ ಲೆಕ್ಕದಲ್ಲಿ ನಲವತ್ತೆರಡು ದೊಡ್ಡದಿರಬಹುದು. ಈ ಎದೆಗೆ ಅದು ಅರ್ಧವೂ ಅಲ್ಲ, ಅದೂ ಒಂದು ಸಂಜೆಯಿಂದ ಒಂದು ಬೆಳಗಿನೊಳಗೆ.

ಡಾಕ್ಟರ ಹಿಂದೆ ಓಡಿದೆ. ನನ್ನ ಮರಾಠಿ ಗಾಬರಿಯಾದಾಗ ಹುಬ್ಬಳ್ಳಿಯ ಕಡೆ ವಾಲುತ್ತದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, "ನಲವತ್ತೆರಡು ತುಂಬ ಚೆನ್ನಾಗಿದೆ, ತಾಯಿ, ನೀವು ಹೆದರಬೇಡಿ," ಅಂದರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಮ್ಮವ್ವ ನನ್ನನ್ನು ಬೈಯುತ್ತಿದ್ದಳು. ಆ ಬಾಯಿಯನ್ನು ಅಂದು ಬಳಸಿದೆ. ಮ್ಯಾಡಮ್ ರೌಂಡ್ಸಿಗೆ ಬರುತ್ತಲೇ ಬಾಗಿಲಲ್ಲೇ ಅಡ್ಡ ನಿಂತೆ.

"ಇವರು ಈಜುವವರು. ಮನೆಯಲ್ಲಿ ನೂರು ದಾಟಿ ಎಣಿಸುತ್ತಾರೆ. ನಿನ್ನೆ ಅರವತ್ತೆಂಟು, ಇವತ್ತು ನಲವತ್ತೆರಡು. ನಾಳೆ ಎಷ್ಟು, ನೀವೇ ಹೇಳಿ."

ಮ್ಯಾಡಮ್ ಚಾರ್ಟ್ ನೋಡಿದರು. ನನ್ನನ್ನು ನೋಡಿದರು. ಮತ್ತೆ ಚಾರ್ಟ್.

"ಈಗಲೇ ಐಸಿಯುಗೆ ಕರೆದೊಯ್ಯಿರಿ," ಅಂದರು. ಇಡೀ ಆಸ್ಪತ್ರೆಗೆ ಎರಡೇ ವೆಂಟಿಲೇಟರ್. ಖಾಲಿಯಿದ್ದ ಒಂದನ್ನು ಇವರ ಹೆಸರಿಗೆ ಹಿಡಿದಿಡಲು ಹೇಳಿದರು.

ಇವರ ಮುಖ ಕೆಂಪಾಯಿತು. ಸ್ಟ್ರೆಚರ್ ಬರುವವರೆಗೆ ತಡೆದುಕೊಂಡು ಆಮೇಲೆ ನನಗಷ್ಟೇ ತಿಳಿಯುವಂತೆ ಕನ್ನಡದಲ್ಲಿ ಅಂದರು: "ನಿನಗ ಯಾರು ಕೇಳಿದ್ರು? ಮಂದಿ ಮುಂದ ನನ್ನ ಮರ್ಯಾದಿ ತಗದಿ. ಹೋಗು, ನನ್ನ ಕಣ್ಣ ಮುಂದ ನಿಂದ್ರಬ್ಯಾಡ."

ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಇಂಥ ಮಾತು ಆಡಿದವರಲ್ಲ.

ಸಂಜೆ ಐದಕ್ಕೆ, ಆಯಾ ಚಹಾ ಹಂಚುವ ಹೊತ್ತಿಗೆ, ಇವರ ಉಸಿರು ಕೈಕೊಟ್ಟಿತು. ಮಷೀನ್ ಪಕ್ಕದಲ್ಲೇ ಇತ್ತು. ಗಂಟಲಿಗೆ ಟ್ಯೂಬ್ ಹಾಕಿದರು. ವಾರ್ಡಿನಲ್ಲೇ ಇದ್ದಿದ್ದರೆ ಅಲ್ಲಿಂದ ಐಸಿಯುಗೆ ಮೂರು ಮಹಡಿ ಇಳಿಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು ಎಂದು ಕಿರಿಯ ಡಾಕ್ಟರು ನನ್ನ ಮುಂದೆ ಕೈ ಮುಗಿದರು. ನನಗೆ ಅದು ಬೇಕಾಗಿರಲಿಲ್ಲ. ಟ್ಯೂಬ್ ಇದ್ದವರು ಮಾತಾಡಲಾರರು. ಇನ್ನು ಇವರು ಮಾತಾಡದೇ ಹೋದರೆ, ನನ್ನ ಪಾಲಿಗೆ ಉಳಿಯುವ ಕೊನೆಯ ಮಾತು ಅದೇ.

ಕಣ್ಣ ಮುಂದ ನಿಂದ್ರಬ್ಯಾಡ.

ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಒಳಗೆ ಬಿಡುತ್ತಿದ್ದರು. ನಾನು ಮಂಚದ ಬದಿಗೆ, ನೇರ ಕಣ್ಣಿಗೆ ಬೀಳದ ಹಾಗೆ ನಿಲ್ಲುತ್ತಿದ್ದೆ. ಹುಚ್ಚುತನ ಎಂದು ಗೊತ್ತು. ಇವರ ಕೈ, ಕಾಲು, ಕುತ್ತಿಗೆ ಯಾವುದೂ ಅಲುಗುತ್ತಿರಲಿಲ್ಲ. ಕಣ್ಣೊಂದು ಬಿಟ್ಟು. ಹತ್ತು ದಿನವಾದ ಮೇಲೆ ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಅಲ್ಲಿಗೆ ಬದಲಾಯಿಸಿದರು. ಒಬ್ಬ ಸಿಸ್ಟರ್ ನನಗೆ ಒಂದು ದಾರಿ ಕಲಿಸಿದಳು. ನಾನು ಕ, ಖ, ಗ ಎಂದು ಅಕ್ಷರ ಹೇಳುತ್ತ ಹೋಗುವುದು, ಬೇಕಾದ ಅಕ್ಷರ ಬಂದಾಗ ಇವರು ಕಣ್ಣು ಮುಚ್ಚುವುದು. ಅದಕ್ಕಾಗಿ ನಾನು ಇವರ ಎದುರಿಗೇ ನಿಲ್ಲಬೇಕಾಯಿತು. ಇವರು ಮೊದಲು ಹೇಳಿದ್ದು "ಸುಧಾ". ಎರಡನೆಯದು "ನೀರು".

ಆ ದಿನಗಳಲ್ಲೇ ಮಿಲಿಂದ ಬಂದ. ಇವರ ಕೈಯಲ್ಲೇ ತಯಾರಾದ ಹುಡುಗ, ಕಾಲೇಜಿನ ಕೊನೆಯ ವರ್ಷ. ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿ ಅಳುವುದಕ್ಕೇ ಶುರು ಮಾಡಿದ. ಇವರ ದಾಖಲೆಗಳಲ್ಲಿ ಕೊನೆಯದಾಗಿ ಉಳಿದಿದ್ದ ಇನ್ನೂರು ಮೀಟರ್ ಬಟರ್‌ಫ್ಲೈಯನ್ನು ಇವನು ಮುರಿದುಬಂದಿದ್ದ. "ಕಾಕೂ, ಸರಾಂನಾ ಸಾಂಗೂ ನಕಾ," ಸರ್‌ಗೆ ಹೇಳಬೇಡಿ ಅಂದ. ರೋಗಿಗೆ ಮನಸ್ಸಿಗೆ ನೋವಾಗುವ ಸುದ್ದಿ ಬೇಡ ಎಂದು ಸಿಸ್ಟರ್ ಕೂಡ ಅಂದಳು.

ಎರಡು ದಿನ ಬಾಯಿ ಮುಚ್ಚಿಕೊಂಡೆ. ಒಮ್ಮೆ ಬಾಯಿ ಬಿಟ್ಟು ಏನಾಯಿತೆಂದು ಕಂಡಿದ್ದೇನಲ್ಲ. ಆದರೆ ಇವರಿಂದ ಏನನ್ನಾದರೂ ಮುಚ್ಚಿಟ್ಟರೆ ನನ್ನ ಮುಖವೇ ಊರಿಗೆಲ್ಲ ಹೇಳುತ್ತದೆ. ಮೂರನೆಯ ದಿನ ಹೇಳಿಬಿಟ್ಟೆ.

"ಮಿಲಿಂದ ನಿಮ್ಮ ರೆಕಾರ್ಡ್ ಮುರದಾನ್ರಿ. ಇನ್ನೂರು ಮೀಟರಿಂದು."

ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿದೆ. ಆಮೇಲೆ ರೆಪ್ಪೆ ಬಡಿಯತೊಡಗಿದರು. ಏನೋ ಹೇಳಬೇಕಾಗಿತ್ತು. ನಾನು ಅಕ್ಷರ ಶುರು ಮಾಡಿದೆ. ಅಕ್ಷರಕ್ಕೆ ಅಕ್ಷರ ಕೂಡಿ ಬಂದ ಮಾತು ಇಷ್ಟೇ: "ಟೈಮ್ ಎಷ್ಟು?"

ಅವತ್ತೂ ಬಂದು ಬಾಗಿಲ ಹೊರಗೆ ಕೂತಿದ್ದ ಮಿಲಿಂದನನ್ನು ಓಡಿಹೋಗಿ ಕೇಳಿ ಬಂದು ಹೇಳಿದೆ. ಮತ್ತೆ ರೆಪ್ಪೆ. ಈ ಸಲ: "ಟರ್ನ್ ಹೇಗೆ ಮಾಡಿದ?" ಮತ್ತೆ ಹೊರಗೆ ಓಡಿದೆ. ಗೋಡೆ ಮುಟ್ಟಿ ತಿರುಗುವಾಗ ಮೂರನೆಯ ಟರ್ನ್ ಕೆಟ್ಟಿತು ಎಂದು ಮಿಲಿಂದ ಒಪ್ಪಿಕೊಂಡ. ಅದನ್ನು ಕೇಳಿ ಇವರ ಕಣ್ಣು ನಕ್ಕಿತು. ನಾನು ಅದನ್ನು ಕಂಡೆ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಅತ್ತೆ.

ಇಪ್ಪತ್ತಾರು ದಿನಕ್ಕೆ ಮಷೀನ್ ಬಿಡಿಸಿದರು. ಕುತ್ತಿಗೆಯ ತೂತನ್ನು ಮುಚ್ಚಿ ಮಾತಾಡಿ ನೋಡಿ ಅಂದಾಗ ನಾನು ಉಸಿರು ಬಿಗಿಹಿಡಿದು ನಿಂತೆ. ಒಡೆದ ಕೊಳಲಿನಂಥ ಸ್ವರದಲ್ಲಿ ಇವರು ಅಂದರು: "ಸುಧಾನ ಪರೀಕ್ಷಾ ಮುಗೀತೇನು?"

ಅಷ್ಟೇ. ಆ ದಿನದ ಸಿಟ್ಟಿನ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೂರು ತಿಂಗಳಿಗೆ ಮನೆಗೆ ಬಂದೆವು. ನಾಲ್ವರು ಶಿಷ್ಯರು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತು ತಂದರು. ಊಟ ಮಾಡಿಸುವುದು, ಬೆಡ್‌ಪ್ಯಾನ್, ಫಿಜಿಯೋಥೆರಪಿ, ಎಣ್ಣೆ. ಒಂದೊಂದು ಬೆರಳು ಒಂದೊಂದು ವಾರ ತೆಗೆದುಕೊಂಡು ಮರಳಿ ಬಂತು. ನಾವು ಹೊರಗಿನಿಂದ ನೋಡುವವರಿಗೆ ಚೆನ್ನಾಗಿಯೇ ಇದ್ದೆವು. ಒಳಗೆ ನನಗೊಂದು ಮುಳ್ಳು. ಇವರ ಪ್ರಾಣ ಉಳಿಯಿತು, ಸರಿ. ಆದರೆ ಸೋತದ್ದನ್ನು ಮಂದಿಯ ಮುಂದೆ ಸಾರಿದವಳು ಎಂದು ಇವರ ಮನಸ್ಸಿನಲ್ಲಿ ನಾನು ಉಳಿದುಬಿಟ್ಟೆನೇ?

ಒಂದು ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂರಿಸಿ ಗಡ್ಡ ಮಾಡುತ್ತಿದ್ದೆ. ಕೈ ಇನ್ನೂ ಮುಖದವರೆಗೆ ಏಳುತ್ತಿರಲಿಲ್ಲ. ಕುತ್ತಿಗೆಯ ಗಾಯದ ಕಲೆಯ ಸುತ್ತ ಮೆಲ್ಲಗೆ ರೇಜರ್ ಆಡಿಸುತ್ತಿದ್ದಾಗ ಅಂದರು:

"ಒಂದ ಮಾತು ಹೇಳ್ತೀನಿ. ಸಿಟ್ಟಿಗೇಳಬ್ಯಾಡ, ನಿನ್ನ ಕೈಯಾಗ ಬ್ಲೇಡ್ ಅದ."

"ಹೇಳ್ರಿ."

"ಅವತ್ತ ನಲವತ್ತೆರಡು ಎಣಸಿದ್ನಲ್ಲ. ಅದು ಸುಳ್ಳು."

ನಾನು ರೇಜರ್ ತೆಗೆದೆ.

"ನಡುವ ಎರಡು ಸಲ ಉಸಿರು ತಗೊಂಡಿದ್ದೆ. ಯಾರಿಗೂ ಕಾಣದಂಗ ಬಾಯಿ ಮೂಲಿಯಿಂದ ಉಸಿರು ತಗೊಳ್ಳೂದು ನಮಗ ಗೊತ್ತದ. ಖರೇ ಅಂದ್ರ ಇಪ್ಪತ್ತಕ್ಕ ಸೋತಿದ್ದೆ." ತೊಡೆಯ ಮೇಲಿದ್ದ ತಮ್ಮ ಕೈ ನೋಡಿಕೊಂಡರು. "ಭಾಳ ಅಂಜಿದ್ದೆ ನಾನು. ಮಷೀನ್ ಅಂದ್ರ ಮುಗೀತು ಅನಕೊಂಡಿದ್ದೆ. ಆ ಹುಡುಗ ಶಾಬ್ಬಾಸ್ ಅಂದಾಗ ಬದುಕಿದೆ ಅನಿಸಿತು. ಅಷ್ಟರಾಗ ನೀ ಹೋಗಿ ಹೇಳಿದಿ. ಸಿಟ್ಟು ನಿನ್ನ ಮ್ಯಾಲ ಅಲ್ಲ ಅದು."

ಸೋಪಿನ ನೊರೆ ಅವರ ಅರ್ಧ ಮುಖದಲ್ಲಿ ಒಣಗುತ್ತಿತ್ತು. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಷ್ಟು ತಿಂಗಳು ನನ್ನನ್ನು ಸುಡಲು ಬಿಟ್ಟರಲ್ಲ ಎಂದು ಬಂತು. ಜೊತೆಗೇ, ಇವರ ಹೆದರಿಕೆಯನ್ನು ಮದುವೆಯಾದ ಮೇಲೆ ಮೊದಲ ಸಲ ಇವರ ಬಾಯಿಂದಲೇ ಕೇಳುತ್ತಿದ್ದೇನೆ ಎಂದೂ ಹೊಳೆಯಿತು. ಆ ಅರ್ಧ ಗಡ್ಡ ಬೋಳಿಸಿದ ಮುಖವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಸೀರೆಯೆಲ್ಲ ಸೋಪು.

"ಇನ್ನ ಮ್ಯಾಲ ಉಸಿರು ಸಾಲಲಿಲ್ಲಂದ್ರ ಮೊದಲ ನನಗ ಹೇಳ್ರಿ. ಡಾಕ್ಟರಿಗೆ ಆಮ್ಯಾಲ."

"ಹೇಳ್ತೀನಿ," ಅಂದರು.

ಈಗ ಒಂದು ವರ್ಷ ತುಂಬಿದೆ. ಪೂರ್ತಿ ಗುಣವಾಗಿದ್ದಾರೆ ಎಂದು ಹೇಳಲಾರೆ. ಬಲಪಾದ ಇನ್ನೂ ಎಳೆಯುತ್ತದೆ. ಬಟರ್‌ಫ್ಲೈ ಮತ್ತೆ ಬರುವುದಿಲ್ಲ ಎಂದು ಮ್ಯಾಡಮ್ ಹೇಳಿದ್ದಾರೆ. ಅದನ್ನು ಇವರು ತಲೆಯಾಡಿಸಿ ಕೇಳಿಸಿಕೊಂಡರು. ಮ್ಯಾಡಮ್‌ಗೆ, ಆ ಸಿಸ್ಟರ್‌ಗೆ, ಖಾಲಿಯಿದ್ದ ಆ ಒಂದು ಮಷೀನಿಗೆ ನಾನು ಋಣಿ. ಹೆಚ್ಚು ಖುಷಿಪಡಲು ಇನ್ನೂ ಹೆದರಿಕೆ.

ಹೋದ ವಾರ ಮೊದಲ ಸಲ ಯಾರೂ ಹೊರದೆ, ಕೋಲು ಹಿಡಿದು ಕೆಳಗಿಳಿದು, ಗೇಟಿನವರೆಗೆ ಹೋಗಿ ಬಂದೆವು. ಮರಳಿ ಹತ್ತುವಾಗ ಮೊದಲ ಮಹಡಿಯ ತಿರುವಿನಲ್ಲಿ ಇವರ ಹೆಜ್ಜೆ ನಿಧಾನವಾಯಿತು. ಮೇಲಿನಿಂದ ಇಬ್ಬರು ಹೆಂಗಸರು ಮಾತಾಡುತ್ತ ಇಳಿಯುತ್ತಿದ್ದರು, ಗುರುತಿನವರೇ. ಇವರು ಅವರ ಮುಂದೆಯೇ ನನ್ನ ಭುಜ ಹಿಡಿದರು.

"ಉಸಿರು ಸಾಲವಲ್ದು," ಅಂದರು. "ಸ್ವಲ್ಪ ನಿಂದ್ರೂಣು."

ನಿಂತೆವು.