ರಾಯರ ತಲೆಯ ಕಪ್ಪು ಪಟ್ಟಿ

ಊರಿಗೆ ನೀರು ಶುದ್ಧ ಮಾಡಿ ಬಿಡುವ ಕೇಂದ್ರದಲ್ಲಿ ವಾಲ್ವ್ ತಿರುಗಿಸುವುದು ಅವನ ಕೆಲಸ. ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಎಲ್ಲರೂ ವಾಲ್ವಪ್ಪ ಅಂತಲೇ ಕರೆಯುತ್ತಿದ್ದರು. ದಿನವಿಡೀ ಅವನಾಡುವ ಮಾತನ್ನು ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಡಬಹುದು ಎಂದು ಜೊತೆಯವರು ನಗುತ್ತಿದ್ದರು. ಆದರೆ ಮನೆಗೆ ಬಂದು ಊಟಕ್ಕೆ ಕೂತನೆಂದರೆ ಬಾಯಿಗೆ ಬೀಗವೇ ಇಲ್ಲ. ಆ ಮಾತಿನಲ್ಲಿ ಮುಕ್ಕಾಲು ಪಾಲು ಎರಡು ಕೊಕ್ಕರೆಗಳ ಸಂಸಾರದ ಸುದ್ದಿ.

ಕೇಂದ್ರದ ಹಿಂದೆ ಕೆಸರು ತಂಗುವ ಅಗಲವಾದ ಕೊಳವಿತ್ತು. ಅದರ ಸಿಮೆಂಟಿನ ಅಂಚಿನಲ್ಲಿ ಏಳು ವರ್ಷದಿಂದ ಎರಡು ಬೂದು ಕೊಕ್ಕರೆಗಳು ನಿಲ್ಲುತ್ತಿದ್ದವು. ಒಂದಕ್ಕೆ ಬೆಳ್ಳನೆ ಹಣೆ, ಕಣ್ಣಿನ ಮೇಲಿಂದ ಹಿಂದಕ್ಕೆ ಎಳೆದ ಕಪ್ಪು ಪಟ್ಟಿ, ಅದರ ತುದಿಯಲ್ಲಿ ಗಾಳಿಗೆ ಅಲುಗುವ ಎರಡು ಉದ್ದ ಗರಿ, ಕತ್ತಿನ ಮುಂದೆ ಇಳಿಬಿದ್ದ ಕಪ್ಪು ಗೆರೆಗಳು. ವಾಲ್ವಪ್ಪ ಅದಕ್ಕೆ ರಾಯರು ಅಂತ ಹೆಸರಿಟ್ಟ. ಇನ್ನೊಂದು ಮಾಸಲು. ತಲೆಯೆಲ್ಲ ಬೂದಿ, ಜುಟ್ಟಿಲ್ಲ, ಕತ್ತಿನ ಗೆರೆಗಳೂ ಒದ್ದೆ ಬೆರಳಲ್ಲಿ ಒರೆಸಿದ ಹಾಗೆ. ಅದು ಅಮ್ಮಾವ್ರು.

"ಇವತ್ತು ರಾಯರು ಮೈಮೇಲೆ ಏರಿ ಹೋದ್ರು," ಎನ್ನುತ್ತಿದ್ದ ಅವನು, ತುತ್ತಿನ ನಡುವೆ. "ಅಮ್ಮಾವ್ರು ಒಂದು ಮಾತಾಡಲಿಲ್ಲ. ಸುಮ್ನೆ ಪಕ್ಕಕ್ಕೆ ಸರಿದ್ರು. ಎಂಥ ಸಹನೆ ಅಂತೀಯ."

ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಈ ಸಹನೆಯ ಪುರಾಣ ಯಾರಿಗೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. "ಸಾರು ಬೇಕಾದ್ರೆ ಕೇಳಿ. ಅಮ್ಮಾವ್ರು ಬಂದು ಬಡಿಸೋದಿಲ್ಲ," ಎಂದು ಸೌಟು ಅವನ ಕಡೆ ತಳ್ಳುತ್ತಿದ್ದಳು.

ವರ್ಷಕ್ಕೊಮ್ಮೆ ಅಮ್ಮಾವ್ರು ಮೂರ್ನಾಲ್ಕು ತಿಂಗಳು ಕಾಣೆಯಾಗುತ್ತಿದ್ದರು. ವಾಲ್ವಪ್ಪ ಅದಕ್ಕೂ ದಾರಿ ಹುಡುಕಿಕೊಂಡಿದ್ದ: ತವರಿಗೆ ಹೋಗಿದ್ದಾರೆ.

ಒಂದು ಬೆಳಿಗ್ಗೆ ನೀರುಹಕ್ಕಿಗಳ ಗಣತಿಗೆಂದು ಒಬ್ಬ ಹೆಂಗಸು ಮೂರು ಕಾಲಿನ ದುರ್ಬೀನು ಹೊತ್ತು ಬಂದಳು. ವಾಲ್ವಪ್ಪನೇ ಮುಂದೆ ನಿಂತು ಕೊಳದ ಅಂಚಿಗೆ ಕರೆದೊಯ್ದ. ಮನೆಗೆ ಬಂದ ನೆಂಟರಿಗೆ ಮಗಳು ಅಳಿಯನನ್ನು ತೋರಿಸುವ ಸಂಭ್ರಮ ಅವನಿಗೆ.

"ಅವ್ರು ಯಜಮಾನರು, ಇವ್ರು ಹೆಂಡ್ತಿ," ಎಂದ.

ಗಣತಿಯವಳು ದುರ್ಬೀನಿಗೆ ಕಣ್ಣಿಟ್ಟಳು. "ಜುಟ್ಟಿಲ್ಲದ್ದು ಹೆಂಡ್ತಿ ಅಲ್ಲ, ಮರಿ. ಹುಟ್ಟಿ ಒಂದು ವರ್ಷವೂ ಆಗಿಲ್ಲ. ನೋಡಿ, ನೆತ್ತಿ ಇನ್ನೂ ಬೂದಿ, ಕೊಕ್ಕಿನ ಮೇಲ್ಭಾಗ ಕಪ್ಪು."

"ಏಳು ವರ್ಷದಿಂದ ಇಲ್ಲೇ ಇದ್ದಾರೆ ಅವ್ರು."

"ಹಾಗಾದ್ರೆ ಏಳು ಮರಿ ಬಂದು ಹೋಗಿರ್ಬೇಕು. ದೊಡ್ಡವಾದ್ಮೇಲೆ ಬೇರೆ ನೀರು ಹುಡುಕ್ಕೊಂಡು ಹೋಗ್ತವೆ."

ವಾಲ್ವಪ್ಪ ಜುಟ್ಟಿನ ಕೊಕ್ಕರೆಯ ಕಡೆ ಬೆರಳು ಮಾಡಿದ. "ರಾಯರು ಗಂಡೇ ತಾನೆ?"

"ಹೇಳೋಕಾಗಲ್ಲ. ಈ ಜಾತೀಲಿ ಗಂಡು ಹೆಣ್ಣು ಎರಡಕ್ಕೂ ಅದೇ ಪಟ್ಟಿ, ಅದೇ ಜುಟ್ಟು. ಹೆಣ್ಣೂ ಆಗಿರ್ಬಹುದು." ಅವಳು ಹಾಳೆಯಲ್ಲಿ ಬರೆದುಕೊಂಡಳು: ದೊಡ್ಡದು ಒಂದು, ಮರಿ ಒಂದು. ಏಳು ವರ್ಷದ ದಾಂಪತ್ಯ ಒಂದು ಸಾಲಿನಲ್ಲಿ ಮುಗಿಯಿತು.

ಅಂದಿನಿಂದ ಊಟದ ಹೊತ್ತಿನಲ್ಲಿ ವಾಲ್ವಪ್ಪ ಮೌನಿಯಾದ. ಒಂದು ದಿನ, ಎರಡು ದಿನ, ಒಂದು ವಾರ. ಹೆಂಡತಿಗೆ ಮೊದಲು ಹಾಯೆನಿಸಿತು, ಆಮೇಲೆ ದಿಗಿಲಾಯಿತು.

"ಅಮ್ಮಾವ್ರು ಹೋಗ್ಬಿಟ್ರಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ. ಅವ್ರು ಅಮ್ಮಾವ್ರಲ್ಲ," ಎಂದ ಅವನು ತಟ್ಟೆ ನೋಡುತ್ತ. ಆಮೇಲೆ ಎಲ್ಲ ಹೇಳಿದ. ಮರಿಯ ವಿಷಯ, ಏಳು ಮರಿಗಳ ವಿಷಯ. ರಾಯರು ಹೆಣ್ಣೂ ಆಗಿರಬಹುದು ಎಂಬುದನ್ನು ಕೊನೆಗೆ ಹೇಳಿದ.

ಅವಳು ನಕ್ಕ ನಗುವಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳಬೇಕಾಯಿತು. "ಅಂತೂ ವರ್ಷಕ್ಕೊಂದು ಹೊಸ ಹೆಂಡ್ತಿ ತಂದು ಕಟ್ಟಿದ್ರಿ ಅದಕ್ಕೆ. ಇಷ್ಟು ವರ್ಷ ನನಗೆ ಪಾಠ ಹೇಳಿದ್ದು ಯಾವುದೋ ಮಗೂನ ತೋರಿಸಿ. ಅದು ಸಹನೆ ಅಲ್ಲಾರೀ, ಪಾಪ, ಹೆದರಿಕೆ."

ಅವನಿಗೂ ನಗು ಬಂತು. ಆದರೆ ಸರಿಯಾಗಿ ನಗಲಾರದೆ ಉಪ್ಪಿನ ಡಬ್ಬಿ ಅತ್ತಿಂದಿತ್ತ ಸರಿಸಿದ.

ಮುಂದಿನ ಭಾನುವಾರ ಅವಳೇ ಅಂಗಡಿಯಿಂದ ಹಳೆಯದೊಂದು ದುರ್ಬೀನು ಕೇಳಿ ತಂದು ಅವನ ಜೊತೆ ಕೊಳಕ್ಕೆ ಹೋದಳು. ಇಪ್ಪತ್ತಾರು ವರ್ಷದಲ್ಲಿ ಗಂಡನ ಕೆಲಸದ ಜಾಗಕ್ಕೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ಕೂದಲೆಳೆಯಷ್ಟು ಗೀರನ್ನೂ ಗಾಜಿನಲ್ಲಿ ಹಿಡಿಯುವ ಕಣ್ಣು ಅವಳದು. ಐದು ನಿಮಿಷ ನೋಡಿ, "ಮರಿಗೆ ಕಣ್ಣಿನ ಹಿಂದೆ ಒಂದು ಕಪ್ಪು ಎಳೆ ಹುಟ್ತಾ ಇದೆ," ಎಂದಳು. ವಾಲ್ವಪ್ಪ ದುರ್ಬೀನು ಕಿತ್ತುಕೊಂಡು ನೋಡಿದ. ಇತ್ತು. ದಿನಾ ಎದುರಿಗಿದ್ದರೂ ಅವನು ಕಂಡಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಅದೇ ಕೆಲಸವಾಯಿತು. ನೀರಿನ ಮಟ್ಟ ಬರೆಯುವ ಹಾಳೆಗಳ ಹಿಂದೆ ಅವನು ಕೊಕ್ಕರೆಯ ತಲೆ ಬರೆಯುತ್ತಿದ್ದ. ಪಟ್ಟಿ ಎಲ್ಲಿವರೆಗೆ ಬಂತು, ಗೆರೆ ಎಷ್ಟು ಗಾಢವಾಯಿತು ಎಂದು ಅವಳು ಬೆರಳಿಟ್ಟು ತೋರಿಸುತ್ತಿದ್ದಳು. ರಾಯರು ಹೆಣ್ಣೇ ಎಂಬುದು ಅವಳ ವಾದ. ಸಾಕ್ಷಿ ಕೇಳಿದರೆ, "ನಿಲ್ಲೋ ಗತ್ತು ನೋಡಿ," ಎನ್ನುತ್ತಿದ್ದಳು. ಅವನು ವಾದಕ್ಕಿಳಿಯಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಆ ವರ್ಷ ಅವನು ಕಲಿತಿದ್ದ.

ಒಂದು ದಿನ ರಾಯರು ಕತ್ತು ಚಾಚಿ ಮರಿಯನ್ನು ಕೊಳದಾಚೆಗೆ ಅಟ್ಟಿದರು. ಅದು ತಿರುಗಿ ಬರಲಿಲ್ಲ. ವಾಲ್ವಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ತವರು ಅನ್ನುವ ಸಮಾಧಾನವೂ ಈಗಿರಲಿಲ್ಲವಲ್ಲ.

ಮಳೆಗಾಲ ಕಳೆದ ಮೇಲೆ ಸಿಮೆಂಟಿನ ಅಂಚಿನಲ್ಲಿ ಮತ್ತೊಂದು ಬೂದು ತಲೆ ಬಂದು ನಿಂತಿತು. ನಾಲ್ಕು ದಿನ ಚೆನ್ನಾಗಿ ನೋಡಿಕೊಂಡ ಮೇಲೇ ಅವನು ಮನೆಯಲ್ಲಿ ಬಾಯಿಬಿಟ್ಟ.

"ಹೊಸ ಮರಿ. ಕತ್ತಿನ ಬಲಗಡೆ ಗೆರೆ ನಡುವೆ ಕಡಿದಿದೆ. ಹೋದ ವರ್ಷದ್ದಕ್ಕೆ ಹಾಗಿರಲಿಲ್ಲ."

"ಹೆಸರು?"

"ಇಟ್ಟಿಲ್ಲ. ನೀನೇ ಇಡು."

ಅವಳು ಅನ್ನ ಬಡಿಸುತ್ತ ಯೋಚಿಸಿದಳು. "ಮುಖ ನೋಡದೆ ಹೇಗಿಡ್ಲಿ? ಭಾನುವಾರ ಬರ್ತೀನಲ್ಲ," ಎಂದಳು.