ಅಮಾವಾಸ್ಯೆಯ ಬಳಗ

ರಬಕವಿ ಮತ್ತು ಬನಹಟ್ಟಿಗಳ ಹೆಸರನ್ನು ಜನರು ಈಗ ಜೋಡಿಸಿಯೇ ಹೇಳುತ್ತಾರೆ. ೧೯೪೮ರ ಮಾರ್ಚ್ ೮, ಸೋಮವಾರದವರೆಗೆ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಮುಧೋಳ ತಾನೇ ಒಂದು ಸಂಸ್ಥಾನ. ಬೀಳಗಿ ಇಂಗ್ರೇಜರ ಆಳಿಕೆಗೆ ಒಳಪಟ್ಟಿದ್ದ ವಿಜಾಪುರ ಜಿಲ್ಲೆಯಲ್ಲಿತ್ತು. ಅಂದು ಈ ಸಂಸ್ಥಾನಗಳೆಲ್ಲ ಮುಂಬಯಿಯಲ್ಲಿ ವಿಲೀನವಾದವು. ಆಗ ಅದು ಮುಂಬಯಿ ಪ್ರಾಂತ. ಮುಂಬಯಿ ರಾಜ್ಯವೆಂಬ ಹೆಸರು ಬಂದದ್ದು ೧೯೫೦ರ ಜನವರಿ ೨೬ರಂದು. ಈ ವ್ಯತ್ಯಾಸವನ್ನು ಲಕ್ಷಿಸದೆ ಬರೆಯುವವರು ಬಹಳ ಮಂದಿ.

ಸರಕಾರಗಳು ನಾಲ್ಕಿದ್ದ ಕಾಲದಲ್ಲಿಯೂ ಈ ನಾಲ್ಕೂ ಕಡೆಯ ಕಿವುಡರ ಬಳಗ ಒಂದೇ ಆಗಿತ್ತು. ಅಮಾವಾಸ್ಯೆಯ ದಿನ ನೇಕಾರರು ಮಗ್ಗಕ್ಕೆ ಕೈಹಚ್ಚುವುದಿಲ್ಲ. ಅಂದು ಮುಂಜಾನೆ ಅವರು ನಡೆದೋ, ಯಾರದಾದರೂ ಚಕ್ಕಡಿ ಏರಿಯೋ ರಬಕವಿಯ ಹೊಳೆಯ ಕಟ್ಟೆಗೆ ಬಂದು ಸೇರುತ್ತಿದ್ದರು. ದುಂಡಗೆ ಕೂಡುತ್ತಿದ್ದರು, ಒಬ್ಬರ ಕೈ ಇನ್ನೊಬ್ಬರ ಬೆನ್ನಿಗೆ ಮರೆಯಾಗಬಾರದೆಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಊರವರು ಅವರನ್ನು ಮೂಗರೆನ್ನುತ್ತಿದ್ದರು. ಆ ಕಟ್ಟೆಯ ಮೇಲೆ ಅರ್ಧ ತಾಸು ನಿಂತು ನೋಡಿದ ಯಾರೂ ಆ ಶಬ್ದವನ್ನು ಮತ್ತೆ ಬಳಸಲಾರರು. ಜಗಳ, ಚಾಷ್ಟಿ-ತಮಾಷೆ, ಹೆಣ್ಣು ಕೇಳುವುದು, ಗಂಡು ಒಲ್ಲೆನೆನ್ನುವುದು, ಎಲ್ಲವೂ ಕೈಯಲ್ಲೇ ನಡೆಯುತ್ತಿತ್ತು.

ಬಳಗಕ್ಕೆ ಹೊಸಬರು ಬಂದರೆ ಹಿರಿಯರು ಅವರನ್ನು ಕೆಲಕಾಲ ನೋಡಿ ಕೈಯಿಂದ ಒಂದು ಹೆಸರು ಕೊಡುತ್ತಿದ್ದರು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಬಳಗದ ಹಿರಿಯ, ರಬಕವಿಯ ನೇಕಾರ ಮುರಗೆಪ್ಪ. ಚಿಕ್ಕಂದಿನಲ್ಲಿ ಮಗ್ಗದಿಂದ ಹಾರಿಬಂದ ಲಾಳಿಯಿಂದ ಅವನ ಹುಬ್ಬು ಸೀಳಿತ್ತು. ಆದ್ದರಿಂದ ಹುಬ್ಬಿನ ಮೇಲೆ ಎರಡು ಬೆರಳೆಳೆದರೆ ಮುರಗೆಪ್ಪ. ಅವನ ಹೆಂಡತಿ ಶಂಕ್ರೆವ್ವನೂ ಕಿವುಡಿ. ಅವಳ ಹೆಸರು ಮೂಗಿನ ನತ್ತು. ಮುಧೋಳದ ಜಕ್ಕಪ್ಪನ ಹೆಸರು ತಿರುವಿದ ಮೀಸೆ. ಕಿವಿ ಕೇಳುವ ಜನಕ್ಕೆ ಮಾತ್ರ ಬೇರೆ ಬೇರೆ ಹೆಸರು ಇಡುವ ಗೋಜಿಗೆ ಅವರು ಹೋಗಿರಲಿಲ್ಲ. ಕಲೆಕ್ಟರನಿಂದ ಹಿಡಿದು ಕಿರಾಣಿಯವನವರೆಗೆ ಎಲ್ಲರಿಗೂ ಒಂದೇ ಸನ್ನೆ: ತುಟಿಯ ಮುಂದೆ ಬೆರಳು ಕೂಡಿಸಿ ಬಿಡಿಸುವುದು. ಬಾಯಿಯವರು, ಎಂದು ಅದರ ಅರ್ಥ.

ನಾನು ಹೇಳಹೊರಟಿರುವ ಪದ್ಮರಾಜ ಚೌಗಲೆ ಹುಟ್ಟಿದ್ದು ೧೯೩೧ರ ಅಕ್ಟೋಬರ್ ೩, ಶನಿವಾರ. ಬನಹಟ್ಟಿಯ ನೂಲಿನ ವ್ಯಾಪಾರಿ, ಜೈನರ ವೃಷಭ ಚೌಗಲೆಯವರ ಒಬ್ಬನೇ ಗಂಡುಮಗ. ೧೯೩೫ರ ಮಳೆಗಾಲದಲ್ಲಿ ವಿಷಮಜ್ವರ ಬಂದು ಅವನ ಎರಡೂ ಕಿವಿ ಹೋದವು. ಅಂಗಡಿಗೆ ನೂಲು ಒಯ್ಯಲು ಬರುತ್ತಿದ್ದ ಮುರಗೆಪ್ಪನ ಬೆನ್ನುಹತ್ತಿ ಹುಡುಗ ಹೊಳೆಯ ಕಟ್ಟೆಗೆ ಹೋಗತೊಡಗಿದ. ನೂಲಿನ ಲಡಿಯನ್ನು ಕೊರಳಿಗೆ ಹಾಕಿಕೊಂಡು ಓಡಾಡುವ ಚಟವಿದ್ದುದರಿಂದ, ಕೊರಳ ಸುತ್ತ ಬೆರಳಾಡಿಸುವುದೇ ಅವನ ಹೆಸರಾಯಿತು. ಅವನ ಜೊತೆಗೆ ಹೋಗುತ್ತಿದ್ದ ಅಕ್ಕ ಅಕ್ಕಮ್ಮನಿಗೆ ಕಿವಿ ಸರಿಯಾಗಿದ್ದವು. ಆದರೂ ಕೈಮಾತು ಬಂದುಬಿಟ್ಟಿತು. ಮುಂದೆ ಬರುವ ಕೈಮಾತುಗಳನ್ನೆಲ್ಲ ಅಕ್ಕಮ್ಮ ನನಗೆ ಬಾಯಿಯಿಂದ ಹೇಳಿದ ಪ್ರಕಾರವೇ ಬರೆದಿದ್ದೇನೆ.

ಮಗ ನೇಕಾರ ಕಿವುಡರ ನಡುವೆ ಬೆಳೆಯುವುದು ವೃಷಭರಿಗೆ ಸೇರಲಿಲ್ಲ. ೧೯೪೦ರ ಜೂನ್ ೧೦ರಂದು ಅವನನ್ನು ದೂರದ ಮರಾಠಿ ಸೀಮೆಯ ಒಂದು ಕಿವುಡ-ಮೂಗರ ಶಾಲೆಗೆ ಬಿಟ್ಟುಬಂದರು. ಅಲ್ಲಿ ತುಟಿ ನೋಡಿ ತಿಳಿಯುವುದನ್ನು, ಗಂಟಲು ಮುಟ್ಟಿ ಧ್ವನಿ ಹೊರಡಿಸುವುದನ್ನು ಕಲಿಸುತ್ತಿದ್ದರು. ಕೈಯಾಡಿಸಿದ ಹುಡುಗ ತನ್ನ ಕೈಗಳ ಮೇಲೆಯೇ ಕುಳಿತುಕೊಳ್ಳಬೇಕಾಗಿತ್ತು. ೧೯೪೮ರ ಏಪ್ರಿಲ್ ೨೮, ಬುಧವಾರ ಮರಳಿ ಬಂದಾಗ ಪದ್ಮರಾಜ ಮರಾಠಿಯನ್ನು ಬಾಯಿಂದ ಆಡುತ್ತಿದ್ದ. ಧ್ವನಿ ಡೊಳ್ಳಿನೊಳಗಿಂದ ಬಂದಂತಿತ್ತು. ಆದರೂ ಶಬ್ದಗಳು ತಿಳಿಯುತ್ತಿದ್ದವು.

ಬೀಗರು, ವ್ಯಾಪಾರದವರು ಬಂದಾಗಲೆಲ್ಲ ವೃಷಭರು ಮಗನನ್ನು ಪಡಸಾಲೆಗೆ ಕರೆಸಿ ಮರಾಠಿಯಲ್ಲಿ ಹೇಳುತ್ತಿದ್ದರು.

“ಪದ್ಮಣ್ಣ, ಇವರಿಗೆ ನಿನ್ನ ಹೆಸರು ಹೇಳು. ಊರು ಹೇಳು.”

ಅವನು ಹೇಳುತ್ತಿದ್ದ. ಬಂದವರು ಬಾಯಿಮೇಲೆ ಬೆರಳಿಡುತ್ತಿದ್ದರು. “ಖರೇನ ಮಾತಾಡ್ತಾನಲ್ರೀ ಸಾವಕಾರ! ಗಿಣಿ ಆಗ್ಯಾನ ಗಿಣಿ!”

ಒಳಗೆ ತಾಯಿ ಶಾಂತವ್ವ ಮಗಳ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ನನಗ ಮರಾಠಿ ಎಲ್ಲಿ ಬರತೈತಿ ಅಕ್ಕಮ್ಮ? ಮೊದಲ ಕೈಲೆ ಹಸಿವಿ ಅಂತಿದ್ದ, ತಿಳೀತಿತ್ತು. ಈಗ ಬಾಯಿಲೆ ಅಂತಾನ, ತಿಳಿವಲ್ದು.”

ಅದೇ ಬೇಸಿಗೆಯಲ್ಲಿ ಅವನು ಮತ್ತೆ ಕಟ್ಟೆಗೆ ಹೋದ. ಎಂಟು ವರ್ಷ ಬಳಸದ ಕೈ. ಸನ್ನೆಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಮುರಗೆಪ್ಪ ಅವನ ಮಣಿಕಟ್ಟನ್ನು ಹಿಡಿದು ಆಚೀಚೆ ತಿರುವಿ ನೋಡಿದ.

“ಜಂಗು ತಿಂದಾವಲೇ ಇವು. ಕೀಲಿಗೆ ಎಣ್ಣಿ ಬಿಟಗೊಂಡು ಬಾ, ಹೋಗು.”

ಜಕ್ಕಪ್ಪ ಬಿಡಲಿಲ್ಲ. “ಮೆಲ್ಲಕ ಮಾತಾಡ್ಸೋ, ಸಾವಕಾರ ಅದಾನ. ಕೈ ಎತ್ತಿದ್ರ ಮಾಸ್ತರ ಬರ್ತಾನಂತ ಅಂಜ್ಯಾನ.”

ದುಂಡಿನಲ್ಲಿ ಎಲ್ಲರೂ ನಕ್ಕರು, ಪದ್ಮರಾಜನೂ ನಕ್ಕ. ಜೈನರ ಹುಡುಗನೆಂದು ಶಂಕ್ರೆವ್ವ ಅವನಿಗಾಗಿ ಬಳ್ಳೊಳ್ಳಿ ಹಾಕದ ಶೇಂಗಾ ಚಟ್ನಿಯನ್ನು ಬೇರೆಯಾಗಿ ಕಟ್ಟಿಕೊಂಡು ಬರತೊಡಗಿದಳು. ಪಡಸಾಲೆಯಲ್ಲಿ ಸೋಜಿಗದ ವಸ್ತುವಾಗಿದ್ದವನು ಕಟ್ಟೆಯ ಮೇಲೆ ಎಲ್ಲರ ಕೈಗೆ ಸಿಕ್ಕು ಬೈಸಿಕೊಳ್ಳುವ ಒಬ್ಬ ಹುಡುಗನಾಗಿದ್ದ. ಅವನ ಆಯುಷ್ಯದ ಸುಖದ ಕಾಲ ಅದೊಂದೇ ಎಂದು ಅಕ್ಕಮ್ಮ ಹೇಳುತ್ತಾರೆ.

೧೯೫೩ರಲ್ಲಿ ಆ ಭಾಗದ ನೇಕಾರರ ಒಂದು ಸಹಕಾರಿ ಸಂಘವು ಹೊಸ ಸದಸ್ಯರನ್ನು ತೆಗೆದುಕೊಳ್ಳುವುದಿತ್ತು. ಸದಸ್ಯರಾದರೆ ನೂಲು ನೇರವಾಗಿ ತಮ್ಮ ಹೆಸರಿಗೇ ಬರುವುದು. ಮತ್ತೊಬ್ಬರ ಮಗ್ಗದಲ್ಲಿ ಕೂಲಿಗೆ ಕೂಡುವುದು ತಪ್ಪುವುದು. ಮುರಗೆಪ್ಪ, ಜಕ್ಕಪ್ಪ ಮುಂತಾದವರು ಅಕ್ಕಮ್ಮನನ್ನು ಕರೆದೊಯ್ದು ಕೇಳಿಕೊಂಡಾಗ ಸಂಘದ ಕಾರ್ಯದರ್ಶಿ ಕೃಷ್ಣಾಜಿ ಎಂಬವರು ಅಕ್ಕಮ್ಮನ ಮುಂದೆ ತಲೆ ಕೆರೆದುಕೊಂಡರು.

“ಸಭಾದಾಗ ಹೂಂ ಅನ್ನಾಕ ಬರದವರಿಗೆ ಸದಸ್ಯತ್ವ ಹ್ಯಾಂಗ ಕೊಡೂದ್ರೀ ತಂಗೆವ್ವ? ಅವರ ಪರವಾಗಿ ಯಾರರ ಮಾತಾಡೂವವ್ರು ಬೇಕಲ್ಲ?”

ಬಳಗವು ಪದ್ಮರಾಜನನ್ನು ಆರಿಸಿತು. “ನಮ್ಮೊಳಗ ಬಾಯಿ ಇದ್ದಂವ ನೀ ಒಬ್ಬನ,” ಎಂದ ಮುರಗೆಪ್ಪ. “ನಾವು ಹಿಂದ ನಿಂದರತೀವಿ. ನೀ ಮುಂದ ನಿಂತು ಹೇಳು, ನಾವೂ ನೇಯ್ತೀವಂತ ಹೇಳು.”

ಸಭೆ ನಡೆದದ್ದು ೧೯೫೩ರ ಜುಲೈ ೨೬, ರವಿವಾರ, ಬನಹಟ್ಟಿಯ ಒಂದು ಧರ್ಮಶಾಲೆಯಲ್ಲಿ. ಮುಂಬಯಿಯಿಂದ ಬಂದ ಅಧಿಕಾರಿಯೊಬ್ಬರು ಖುರ್ಚಿಯಲ್ಲಿದ್ದರು. ಎದುರಿನ ಜಮಖಾನೆಯ ಮೇಲೆ ಊರಿನ ವ್ಯಾಪಾರಿಗಳು. ಅವರಲ್ಲಿ ವೃಷಭ ಚೌಗಲೆಯವರೂ ಇದ್ದರು. ಕಿವುಡ ನೇಕಾರರು ಗೋಡೆಗುಂಟ ನಿಂತರು. ಪದ್ಮರಾಜ ಮುಂದೆ ಹೋಗಿ, ತಾನು ಅಭ್ಯಾಸ ಮಾಡಿಕೊಂಡಿದ್ದ ಮರಾಠಿ ವಾಕ್ಯಗಳನ್ನು ಒಂದೊಂದಾಗಿ ಹೇಳಿದ. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿಯು ಕುತೂಹಲದಿಂದ ಮುಂದಕ್ಕೆ ಬಾಗಿ ಮರಾಠಿಯಲ್ಲಿಯೇ ಕೇಳಿದರು:

“ಅಂದರೆ, ನೀನೂ ಈ ಮೂಗರಲ್ಲಿ ಒಬ್ಬನೇ?”

ಪದ್ಮರಾಜ ಅವರ ತುಟಿಯನ್ನು ಓದಿದ. ಒಮ್ಮೆ ಜಮಖಾನೆಯ ಕಡೆಗೆ ನೋಡಿದ. ಅನಂತರ ತಲೆ ಅಡ್ಡ ಆಡಿಸಿ, “ನಾಹೀ,” ಎಂದ. ಅಷ್ಟಕ್ಕೇ ಬಿಡದೆ ಗೋಡೆಯ ಕಡೆಗೆ ಕೈ ತೋರಿಸಿ ಮತ್ತೊಮ್ಮೆ ತಲೆಯಾಡಿಸಿದ. ತನ್ನ ಎದೆ ಮುಟ್ಟಿಕೊಂಡು ತಂದೆಯ ಕಡೆಗೆ ಕೈ ಚಾಚಿದ.

ಮರಾಠಿ ತಿಳಿಯದವರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋಡೆಗುಂಟ ನಿಂತವರಂತೂ ಆಯುಷ್ಯವಿಡೀ ಕೈಯನ್ನೇ ಓದಿದವರು.

ಅಧಿಕಾರಿಗೆ ಸಂತೋಷವಾಯಿತು. ಇಂಥ ಸುಶಿಕ್ಷಿತ ತರುಣನೇ ಹೊಣೆಯಾಗಿ ನಿಂತಿರುವಾಗ ಅಡ್ಡಿಯೇನೆಂದು ಎಲ್ಲರನ್ನೂ ಸದಸ್ಯರನ್ನಾಗಿ ಮಾಡಲು ಒಪ್ಪಿಗೆ ಕೊಟ್ಟರು. ಕೆಲಸವೇನೋ ಕೈಗೂಡಿತು. ಹೊರಗೆ ಬಂದಾಗ ವೃಷಭರು ಮಗನ ಬೆನ್ನು ತಟ್ಟಿದರು. ಅವನು ಬಳಗದವರಿಗಾಗಿ ತಿರುಗಿ ನೋಡುವಷ್ಟರಲ್ಲಿ ಅವರು ರಬಕವಿಯ ದಾರಿ ಹಿಡಿದಿದ್ದರು.

ಅವನು ಹಾಗೇಕೆ ಹೇಳಿದ? ಒಪ್ಪಿಗೆ ಸಿಗಲೆಂಬ ಜಾಣತನದಿಂದಲೋ, ತಂದೆಯ ಮುಂದೆ ಹೇಳಲು ನಾಚಿಯೋ? ಅಕ್ಕಮ್ಮ ಕೇಳಿದಾಗ ಅವನು ಮೊದಲು ಒಂದನ್ನು ಹೇಳಿದ, ಮರುದಿನ ಮತ್ತೊಂದನ್ನು ಹೇಳಿದ, ಕೊನೆಗೆ ಹೇಳುವುದನ್ನೇ ಬಿಟ್ಟ. ಅವನಿಗೂ ಖಚಿತವಾಗಿ ಗೊತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ.

ಮುಂದಿನ ಅಮಾವಾಸ್ಯೆ ನಾಗರ ಅಮಾವಾಸ್ಯೆ. ೧೯೫೩ರ ಆಗಸ್ಟ್ ೯, ಅದೂ ರವಿವಾರವೇ. ಹೊಳೆ ತುಂಬಿ ಕೆಳಗಿನ ಮೆಟ್ಟಿಲುಗಳು ಮುಳುಗಿದ್ದವು. ಬಳಗ ಮೇಲಿನ ಕಟ್ಟೆಯಲ್ಲಿ ಕುಳಿತಿತ್ತು. ಪದ್ಮರಾಜ ಅಕ್ಕನೊಡನೆ ಹೋಗಿ ತನ್ನ ಜಾಗದಲ್ಲಿ ಕುಳಿತ. ಯಾರೂ ಜಗಳ ತೆಗೆಯಲಿಲ್ಲ. ಜಗಳವಾಗಲೆಂದೇ ಅವನು ಬಂದಿದ್ದ, ಬೈದರೆ ತಪ್ಪೊಪ್ಪಿಕೊಳ್ಳಬಹುದಿತ್ತು. ಶಂಕ್ರೆವ್ವ ಪಂಚಮಿಗೆ ಕಟ್ಟಿದ ಉಂಡಿಗಳನ್ನು ಹಂಚುತ್ತಿದ್ದಳು. ಜಕ್ಕಪ್ಪನ ಕೈಗೆ ಒಂದು ಉಂಡಿ ಕೊಟ್ಟು, ಪದ್ಮರಾಜನ ಕಡೆಗೆ ಗೋಣು ಹೊರಳಿಸಿ, ತುಟಿಯ ಮುಂದೆ ಬೆರಳು ಕೂಡಿಸಿ ಬಿಡಿಸಿದಳು.

“ಇದನ್ನ ಆ ಬಾಯಿಯವನಿಗೆ ಕೊಡು.”

ಕಿವಿ ಕೇಳುವವರು ಯಾರೋ ಬಂದಿರಬೇಕೆಂದು ಪದ್ಮರಾಜ ಹಿಂದಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಹೊಳೆಯ ಕೆಂಪು ನೀರಿತ್ತು. ಅವನು ಮತ್ತೆ ಮುಂದೆ ತಿರುಗಿದಾಗ ಜಕ್ಕಪ್ಪ ಉಂಡಿಯನ್ನು ಅವನ ಮುಂದೆ ಹಿಡಿದಿದ್ದ.

ಆಗ ಅವನು ಮುರಗೆಪ್ಪನ ಕಡೆಗೆ ಎರಡೂ ಕೈಯೆತ್ತಿದ. “ನಿಮ್ಮ ಕೆಲಸ ಆತಿಲ್ಲೋ? ಅದಕ್ಕಂತನ ನಾ ಹಂಗಂದೆ.”

“ಕೆಲಸ ಆತು,” ಎಂದ ಮುರಗೆಪ್ಪ. ಅವನ ಕೈ ಸಾವಕಾಶವಾಗಿ ಚಲಿಸಿತು. “ಛಲೋ ಮಾಡಿದಿ. ನಿನಗ ಪುಣ್ಯ ಬರತೈತಿ.”

ದಾನ ಕೊಟ್ಟ ಊರಿನ ದೊಡ್ಡವರಿಗೆ ಮುರಗೆಪ್ಪ ಹೇಳುತ್ತಿದ್ದುದು ಅದನ್ನೇ, ಅದೇ ಸನ್ನೆಯಿಂದ.

ಪದ್ಮರಾಜನನ್ನು ಯಾರೂ ಓಡಿಸಲಿಲ್ಲವೆಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಮುಂದಿನ ಅಮಾವಾಸ್ಯೆಗಳಲ್ಲಿಯೂ ಕೂಡಲು ಜಾಗ ಬಿಟ್ಟರು, ಉಣ್ಣಲು ಕೊಟ್ಟರು. ಆದರೆ ಅವನ ಮುಂದೆ ಕೈಗಳು ನಿಧಾನವಾಗುತ್ತಿದ್ದವು. ಹೊರಗಿನವರಿಗೆ ತಿಳಿಯಲೆಂದು ಬಿಡಿಸಿ ಆಡುವ ಸನ್ನೆಗಳು ಬರುತ್ತಿದ್ದವು. ಯಾರೂ ಅವನನ್ನು ಚಾಷ್ಟಿ ಮಾಡಲಿಲ್ಲ. ೧೯೫೪ರಲ್ಲಿ ಬೀಳಗಿಯಿಂದ ಹಾಲವ್ವ ಎಂಬ ಕಿವುಡ ಸೊಸೆಯೊಬ್ಬಳು ಬಳಗಕ್ಕೆ ಬಂದಳು. ಅವಳು ಅವನನ್ನು ಬಾಯಿಯವನೆಂದೇ ಕಲಿತಳು; ಅವನಿಗೆ ಬೇರೊಂದು ಹೆಸರಿತ್ತೆಂದು ಅವಳಿಗೆ ಹೇಳಿದವರಿಲ್ಲ. ೧೯೫೫ರ ಮೇ ೧೨ರಂದು ತೇರದಾಳದ ಹೆಣ್ಣಿನೊಡನೆ ಅವನ ಮದುವೆಯಾಯಿತು. ಬಳಗದಲ್ಲಿ ಯಾರ ಮದುವೆಯಾದರೂ ಎಲ್ಲರೂ ಮದುಮಗಳ ಮುಂದೆ ಸಾಲಾಗಿ ನಿಂತು ತಂತಮ್ಮ ಕೈಹೆಸರನ್ನು ಅವಳಿಗೆ ಕಲಿಸುವುದು ವಾಡಿಕೆ. ಪದ್ಮರಾಜನ ಮದುವೆಗೂ ಅವರೆಲ್ಲ ಬಂದರು. ಅಕ್ಷತೆ ಹಾಕಿದರು, ಉಂಡರು, ಕೈಮುಗಿದು ಹೊರಟರು. ಚಪ್ಪರದ ಕಂಬದವರೆಗೆ ಅವರ ಹಿಂದೆ ಹೋದ ಮದುಮಗ ಅಲ್ಲಿಯೇ ನಿಂತದ್ದನ್ನು ಅಕ್ಕಮ್ಮ ನೋಡಿದ್ದಾರೆ.

ತಂದೆಗೆ ಇದಾವುದೂ ತಿಳಿಯಲಿಲ್ಲ. “ಇನ್ನ ಅಂವಗ ಆ ಗೆಳೆತನ ಯಾಕ ಬೇಕು? ಮಂದಿಯೊಳಗ ಮಂದಿ ಆಗ್ಯಾನಲ್ಲ,” ಎನ್ನುತ್ತಿದ್ದರು. ಮಂದಿ ಅವನೊಡನೆ ನೂಲಿನ ವಿಷಯವನ್ನು ಬಿಟ್ಟು ಬೇರೇನನ್ನೂ ಆಡುತ್ತಿರಲಿಲ್ಲ. ಎರಡನೆಯ ವಾಕ್ಯಕ್ಕೇ ಅವನ ಧ್ವನಿ ಕೇಳಿ ಅವರಿಗೆ ದಣಿವಾಗುತ್ತಿತ್ತು.

ಮುರಗೆಪ್ಪ ತೀರಿಕೊಂಡದ್ದು ೧೯೫೬ರ ಅಕ್ಟೋಬರ್ ೧೮, ಗುರುವಾರ. ಈ ಭಾಗವು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುವ ಎರಡು ವಾರ ಮೊದಲು. ಬಳಗದವರು ಸುದ್ದಿಯನ್ನು ಜಮಖಂಡಿಗೆ, ಮುಧೋಳಕ್ಕೆ, ಬೀಳಗಿಗೆ ಆಳು ಕಳಿಸಿ ಮುಟ್ಟಿಸಿದ್ದರು. ಕೂಗಳತೆಯಲ್ಲಿದ್ದ ಬನಹಟ್ಟಿಯ ಚೌಗಲೆಯವರ ಅಂಗಡಿಗೆ ಯಾರೂ ಬಂದಿರಲಿಲ್ಲ. ನೂಲಿಗೆ ಬಂದ ಗಿರಾಕಿಯ ತುಟಿಯ ಮೇಲೆ ಆ ಹೆಸರನ್ನೂ ಸಾವಿನ ಸುದ್ದಿಯನ್ನೂ ಓದಿ ಪದ್ಮರಾಜ ತಕ್ಕಡಿಯನ್ನು ಹಾಗೆಯೇ ಬಿಟ್ಟು ಓಡಿದ. ಅಕ್ಕಮ್ಮ ಹಿಂದೆಯೇ ಹೋದರು.

ಅವರು ರಬಕವಿಯ ಸ್ಮಶಾನ ಮುಟ್ಟಿದಾಗ ಮಣ್ಣು ಕೊಡುವುದು ಮುಗಿದಿತ್ತು. ಹೆಣ ಹೊತ್ತು ಬಂದಿದ್ದ ಓಣಿಯವರು ಆಚೆಗೆ ಬೇವಿನ ಕೆಳಗೆ ನಿಂತಿದ್ದರು. ಬಳಗದವರು ಗುಣಿಯ ಸುತ್ತ ಬರುತ್ತಿದ್ದರು. ಒಬ್ಬೊಬ್ಬರೂ ತಲೆಯ ಕಡೆಗೆ ಬಂದಾಗ ನಿಂತು, ಹುಬ್ಬಿನ ಮೇಲೆ ಎರಡು ಬೆರಳೆಳೆದು, ಆ ಕೈಯಿಂದ ಮಣ್ಣು ಮುಟ್ಟಿ ಸರಿಯುತ್ತಿದ್ದರು. ಸತ್ತವನ ಹೆಸರನ್ನು ಬಳಗವು ಕೊನೆಯ ಸಲ ಕರೆಯುವ ರೀತಿ ಅದು. ಅದಾದ ಮೇಲೆ ಆ ಹೆಸರನ್ನು ಯಾರಿಗೂ ಇಡುವುದಿಲ್ಲ.

ಪದ್ಮರಾಜ ಜಕ್ಕಪ್ಪನ ಹಿಂದೆ ಸಾಲಿಗೆ ಸೇರಿದ. ಅವನ ಸರದಿ ಬಂತು. ಕೈಯೆತ್ತಿದ. ಅದು ಹುಬ್ಬಿಗೆ ಮುಟ್ಟುವ ಮೊದಲೇ ಶಂಕ್ರೆವ್ವ ಬಂದು ಮಣಿಕಟ್ಟು ಹಿಡಿದಳು. ಅವಳಲ್ಲಿ ಸಿಟ್ಟಿರಲಿಲ್ಲ. ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ತನ್ನ ಕೈಗಳಿಂದ, ಅವನಿಗೆ ತಿಳಿಯಲೆಂದು ನಿಧಾನವಾಗಿ ಬಿಡಿಸಿ ಹೇಳಿದಳು:

“ನಿನಗ ಬಾಯಿ ಐತೆಪ್ಪಾ. ನೀ ಬಾಯಿಲೆ ಕರಿ.”

ಅಕ್ಕಮ್ಮ ಅಡ್ಡ ಬಂದು ಅವಳ ಮುಂದೆ ಕೈಮುಗಿದರು. ಶಂಕ್ರೆವ್ವ ಅವರ ಕಡೆಗೆ ನೋಡಲಿಲ್ಲ.

ಪದ್ಮರಾಜ ಅಂಗೈಯನ್ನು ಗಂಟಲಿಗೆ ಒತ್ತಿಕೊಂಡು ಮುರಗೆಪ್ಪನ ಹೆಸರನ್ನು ಕೂಗಿದ. ಬೇವಿನ ಕೆಳಗಿನ ಓಣಿಯವರು ಬೆಚ್ಚಿ ತಿರುಗಿದರು. ಒಬ್ಬಿಬ್ಬರು ಮುಖ ತಿರುಗಿಸಿ ನಕ್ಕರು. ಅವನು ಎರಡನೆಯ ಸಲ ಕೂಗಿದ, ಮತ್ತೆ ಕೂಗಿದ. ಗುಣಿಯ ಸುತ್ತ ನಿಂತ ಬಳಗದವರು ಅವನ ತುಟಿಗಳು ನಿಲ್ಲುವವರೆಗೆ ಕಾದರು. ಕಲೆಕ್ಟರನಿರಲಿ, ಕಿರಾಣಿಯವನಿರಲಿ, ಬಾಯಿಯವರು ಮಾತಾಡುವಾಗ ಅವರು ಯಾವಾಗಲೂ ಹೀಗೆಯೇ ಮರ್ಯಾದೆಯಿಂದ ಕಾಯುತ್ತಿದ್ದರು. ಆಮೇಲೆ ಹಾಲವ್ವ ಮುಂದೆ ಬಂದು, ಹುಬ್ಬಿನ ಮೇಲೆ ಎರಡು ಬೆರಳೆಳೆದು, ಮಣ್ಣು ಮುಟ್ಟಿದಳು.